ನೆರೆಯ ಮೇಲೆ ದಂಡೆತ್ತಿ ಹೋದರೆ ಏನೇನಾಗುತ್ತದೆ: ಪರಿಣಾಮಗಳ ಪುಸ್ತಕ ಇಡುವ ಬಗೆ

ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಕಪ್ಪು ಪೆನ್ನು, ಒಂದು ಕೆಂಪು ಪೆನ್ನು. ಇಷ್ಟಿದ್ದರೆ ಸಾಕು.

ನಾನು ಹಾವೇರಿ ಜಿಲ್ಲೆಯಲ್ಲಿ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. 2022ರ ಮಾರ್ಚ್ 1ರಂದು ನಮ್ಮ ಜಿಲ್ಲೆಯ ಒಬ್ಬ ಮೆಡಿಕಲ್ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ರಷ್ಯಾದ ದಾಳಿಗೆ ಸಿಕ್ಕಿ ತೀರಿಕೊಂಡ. ಊಟದ ಸಾಮಾನು ತರಲು ಹೊರಗೆ ಹೋಗಿದ್ದ ಹುಡುಗ. ಅದಾದ ಮೇಲೆ ನನ್ನ ಕ್ಲಾಸಿನಲ್ಲಿ ಆ ಯುದ್ಧ ದೂರದ ಸುದ್ದಿಯಾಗಿ ಉಳಿಯಲಿಲ್ಲ. "ಮೇಡಂ, ಇದರಿಂದ ಮುಂದೆ ಏನಾಗುತ್ತೆ?" ಅಂತ ಮಕ್ಕಳು ಕೇಳುತ್ತಲೇ ಇದ್ದರು. ಟಿವಿಯಲ್ಲಿ ಟ್ಯಾಂಕು, ಮಿಸೈಲು, ಮೂರನೇ ಮಹಾಯುದ್ಧದ ಕೂಗು ಇತ್ತು. ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಹಾಗಾಗಿ ನಾವೇ ಒಂದು ಪುಸ್ತಕ ಇಡಲು ಶುರು ಮಾಡಿದೆವು.

ಅದನ್ನು ಇಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಉದಾಹರಣೆ ಎಲ್ಲ ರಷ್ಯಾ–ಉಕ್ರೇನಿನದ್ದು. ಆದರೆ ದೊಡ್ಡ ದೇಶವೊಂದು ಪಕ್ಕದ ದೇಶಕ್ಕೆ ನುಗ್ಗಿದ ಯಾವ ಸಂದರ್ಭಕ್ಕೂ ಇದೇ ಕ್ರಮ ನಡೆಯುತ್ತದೆ.

ಮೊದಲ ಪುಟ: ನುಗ್ಗಿದವರು ಏನು ಕೇಳಿದ್ದರು?

ಪರಿಣಾಮ ಬರೆಯುವ ಮುಂಚೆ ಬೇಡಿಕೆ ಬರೆಯಿರಿ. ಎಡಗಡೆ ಪುಟದಲ್ಲಿ, ತಾರೀಖಿನ ಜೊತೆ. ಬಲಗಡೆ ಪುಟ ಖಾಲಿ ಇರಲಿ.

ಇದು ಯಾಕೆ ಮೊದಲು ಬರಬೇಕು ಅಂದರೆ, ಯುದ್ಧ ಎಳೆದಂತೆಲ್ಲ ಗುರಿಯೂ ಬದಲಾಗುತ್ತಾ ಹೋಗುತ್ತದೆ. ಎರಡು ವರ್ಷ ಕಳೆದ ಮೇಲೆ "ನಾವು ಬಯಸಿದ್ದೇ ಇದು" ಅಂತ ಹೇಳುವುದು ಸುಲಭ. ಮೊದಲು ಬರೆದಿಟ್ಟಿದ್ದರೆ ಆ ಮಾತು ನಿಮ್ಮ ಮುಂದೆ ನಡೆಯುವುದಿಲ್ಲ.

ನಮ್ಮ ಎಡಗಡೆ ಪುಟದಲ್ಲಿ ಇರುವುದು ಇವು. 2021ರ ಡಿಸೆಂಬರ್ 17ರಂದು ರಷ್ಯಾ ಎರಡು ಕರಡು ಒಪ್ಪಂದಗಳನ್ನು ಪ್ರಕಟಿಸಿತು, ಒಂದು ಅಮೆರಿಕಕ್ಕೆ, ಇನ್ನೊಂದು ಅಮೆರಿಕ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟವಾದ ನೇಟೋಗೆ. ನೇಟೋ ಇನ್ನು ಮುಂದೆ ಯಾರನ್ನೂ, ಮುಖ್ಯವಾಗಿ ಉಕ್ರೇನನ್ನು, ಸೇರಿಸಿಕೊಳ್ಳಬಾರದು. ಪೂರ್ವ ಯುರೋಪಿನಲ್ಲಿ ಅದರ ಸೈನ್ಯ 1997ರಲ್ಲಿ ಎಲ್ಲಿತ್ತೋ ಅಲ್ಲಿಗೆ ಹಿಂದೆ ಸರಿಯಬೇಕು. ದಾಳಿ ಶುರುವಾದ ದಿನ, 2022ರ ಫೆಬ್ರವರಿ 24ರ ಬೆಳಗಿನ ಭಾಷಣದಲ್ಲಿ ರಷ್ಯಾದ ಅಧ್ಯಕ್ಷ ಪುಟಿನ್ ಹೇಳಿದ್ದು: ಪೂರ್ವ ಉಕ್ರೇನಿನ ಡೊನ್‌ಬಾಸ್ ಪ್ರದೇಶದ ಜನರನ್ನು ಕಾಪಾಡಬೇಕು, ಉಕ್ರೇನಿನ ಸೇನಾಬಲ ಇಲ್ಲವಾಗಿಸಬೇಕು, ಅಲ್ಲಿಂದ ನಾಜಿಗಳನ್ನು ತೆಗೆಯಬೇಕು. ಉಕ್ರೇನಿನ ನೆಲ ಹಿಡಿದುಕೊಳ್ಳುವ ಯೋಜನೆ ತಮಗಿಲ್ಲ ಅಂತಲೂ ಅದೇ ಭಾಷಣದಲ್ಲಿ ಹೇಳಿದರು.

ಈಗ ಬಲಗಡೆ. 2022ರ ಸೆಪ್ಟೆಂಬರ್ 30ರಂದು ಡೊನೆಟ್ಸ್ಕ್, ಲುಹಾನ್ಸ್ಕ್, ಝಪೊರಿಝಿಯಾ, ಖೆರ್ಸೊನ್ ಎಂಬ ನಾಲ್ಕು ಪ್ರಾಂತ್ಯಗಳನ್ನು ತನ್ನವು ಅಂತ ರಷ್ಯಾ ಘೋಷಿಸಿತು. ಪೂರ್ತಿಯಾಗಿ ಕೈವಶ ಇಲ್ಲದ ಪ್ರಾಂತ್ಯಗಳೂ ಅದರಲ್ಲಿದ್ದವು. ನವೆಂಬರ್ 11ರಂದು ಖೆರ್ಸೊನ್ ನಗರ ಮತ್ತೆ ಉಕ್ರೇನಿನ ಕೈ ಸೇರಿತು. ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ಓದಿ. ವಿವರಣೆ ಬೇಕಾಗುವುದಿಲ್ಲ.

ಯಾವುದು ಕಪ್ಪು, ಯಾವುದು ಕೆಂಪು

ಭಾಷಣ, ಹೇಳಿಕೆ, ಖಂಡನೆ, ಭರವಸೆ ಎಲ್ಲ ಕಪ್ಪು ಪೆನ್ನಿನಲ್ಲಿ. ಸಂಸತ್ತು ಪಾಸು ಮಾಡಿದ ಕಾನೂನು, ಸಹಿಯಾದ ಒಪ್ಪಂದ, ಎಣಿಸಿದ ಮತ ಇವು ಕೆಂಪಿನಲ್ಲಿ.

2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್ ಸಭೆಯಲ್ಲಿ ನೇಟೋ ಒಂದು ಮಾತು ಕೊಟ್ಟಿತು: ಉಕ್ರೇನ್ ಮತ್ತು ಜಾರ್ಜಿಯಾ ಮುಂದೆ ಸದಸ್ಯರಾಗುತ್ತವೆ. ಯಾವಾಗ ಅಂತ ಹೇಳಲಿಲ್ಲ. ಇದು ಕಪ್ಪು ಸಾಲು. ಫಿನ್‌ಲ್ಯಾಂಡ್ 2023ರ ಏಪ್ರಿಲ್ 4ರಂದು ನೇಟೋದ 31ನೇ ಸದಸ್ಯನಾಯಿತು. ಇದು ಕೆಂಪು ಸಾಲು.

ಕೆಂಪಿನ ಪಕ್ಕದಲ್ಲಿ ಇನ್ನೊಂದು ಕಲಂ ಎಳೆಯಿರಿ. ತಲೆಬರಹ: "ಯಾರು ಜಾರಿ ಮಾಡುತ್ತಾರೆ?" 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ಬದಲಿಗೆ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಅದರ ಗಡಿಯನ್ನು ಗೌರವಿಸುವುದಾಗಿ ಸಹಿ ಹಾಕಿದವು. ಸಹಿ ಇದೆ. ಆದರೆ ಮಾತು ಮುರಿದರೆ ಯಾರು ಬಂದು ಕಾಯಬೇಕು ಅಂತ ಇಲ್ಲ. ಈ ಒಂದು ಪ್ರಕರಣ ನನ್ನ ಮಕ್ಕಳಿಗೆ ಒಪ್ಪಂದ ಓದುವುದನ್ನು ಕಲಿಸಿತು. ಅಣ್ವಸ್ತ್ರ ಬಿಟ್ಟ ದೇಶಕ್ಕೆ ಹೀಗಾಯಿತು ಅಂತ ಜಗತ್ತಿನ ಎಷ್ಟೋ ರಾಜಧಾನಿಗಳಲ್ಲಿ ಲೆಕ್ಕ ಹಾಕುತ್ತಿರುತ್ತಾರೆ. ಈ ಯುದ್ಧದಿಂದ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಪರಿಣಾಮ ಇದೇ.

ವಿಶ್ವಸಂಸ್ಥೆಯ ಮತ ಓದುವುದು

ತುಂಬಾ ಜನ "ವಿಶ್ವಸಂಸ್ಥೆಯಿಂದ ಏನೂ ಆಗಲ್ಲ" ಅಂದು ಪುಟ ತಿರುಗಿಸುತ್ತಾರೆ. ಹಾಗೆ ಮಾಡಬೇಡಿ. ಯುದ್ಧ ನಿಲ್ಲಿಸಲು ಅದಕ್ಕೆ ಆಗಲಿಲ್ಲ, ನಿಜ. ಆದರೆ ಯಾರು ಎಲ್ಲಿ ನಿಂತಿದ್ದಾರೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಇಲ್ಲ.

ಕ್ರಮ ಹೀಗೆ. 2022ರ ಫೆಬ್ರವರಿ 25ರಂದು ಭದ್ರತಾ ಮಂಡಳಿಯಲ್ಲಿ ರಷ್ಯಾದ ದಾಳಿಯ ವಿರುದ್ಧ ನಿರ್ಣಯ ಬಂತು. ಪರ 11, ವಿರುದ್ಧ 1, ದೂರ ಉಳಿದವು 3: ಭಾರತ, ಚೀನಾ, ಯುಎಇ. ವಿರುದ್ಧ ಬಿದ್ದ ಆ ಒಂದು ಮತ ರಷ್ಯಾದ್ದು, ಅದಕ್ಕೆ ವೀಟೋ, ಅಂದರೆ ತನ್ನ ಒಂದೇ ಮತದಿಂದ ನಿರ್ಣಯ ತಡೆಯುವ ಹಕ್ಕು ಇದೆ, ನಿರ್ಣಯ ಬಿದ್ದುಹೋಯಿತು. ಆಗ ವಿಷಯ ಸಾಮಾನ್ಯ ಸಭೆಗೆ ಹೋಯಿತು. ಅಲ್ಲಿ ವೀಟೋ ಇಲ್ಲ. ಮಾರ್ಚ್ 2ರಂದು 141 ದೇಶಗಳು ರಷ್ಯಾ ಹಿಂದೆ ಸರಿಯಬೇಕು ಎಂದವು. 5 ವಿರೋಧಿಸಿದವು: ರಷ್ಯಾ, ಬೆಲಾರೂಸ್, ಉತ್ತರ ಕೊರಿಯಾ, ಎರಿಟ್ರಿಯಾ, ಸಿರಿಯಾ. 35 ದೂರ ಉಳಿದವು.

ಈ ಮೂರು ಅಂಕಿ ಬರೆದು ಬಿಟ್ಟರೆ ಅರ್ಧ ಕೆಲಸ. 141, 5, 35 ಕೂಡಿಸಿ: 181. ಸದಸ್ಯ ದೇಶಗಳು 193. ಉಳಿದ 12 ಮತವನ್ನೇ ಹಾಕಲಿಲ್ಲ. ಬಟನ್ ಒತ್ತದೆ ಇರುವುದೂ ಒಂದು ನಿಲುವೇ.

ಆಮೇಲೆ ದೂರ ಉಳಿದ ದೇಶಗಳನ್ನು ಒಂದೇ ಗುಂಪು ಅಂದುಕೊಳ್ಳಬೇಡಿ. ನಮ್ಮ ಸುತ್ತಲೇ ನೋಡಿ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಚೀನಾ ದೂರ ಉಳಿದವು. ನೇಪಾಳ, ಭೂತಾನ್ ಪರವಾಗಿ ಮತ ಹಾಕಿದವು. ಎರಡು ದೊಡ್ಡ ದೇಶಗಳ ನಡುವೆ ಇರುವ ಸಣ್ಣ ದೇಶಕ್ಕೆ ಗಡಿಯ ಮಾತು ಬೇರೆ ಥರ ಕೇಳಿಸುತ್ತದೆ, ಅಲ್ವಾ?

ಭಾರತದ ಮತಕ್ಕೆ ನಮ್ಮ ಪುಸ್ತಕದಲ್ಲಿ ಪೂರ್ತಿ ಎರಡು ಪುಟ ಇದೆ. 1961ರಲ್ಲಿ ಗೋವಾ ವಿಷಯದಲ್ಲಿ, 1971ರಲ್ಲಿ ಬಾಂಗ್ಲಾ ಯುದ್ಧದಲ್ಲಿ ಸೋವಿಯತ್ ವೀಟೋ ನಮ್ಮ ಕಡೆ ಇತ್ತು. ನಮ್ಮ ಸೈನ್ಯದ ಬಳಿ ಇರುವ ಆಯುಧಗಳಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬಂದದ್ದು. ಮಾರ್ಚ್ 2ರಂದು ಖಾರ್ಕಿವ್, ಸೂಮಿ ನಗರಗಳಲ್ಲಿ ನಮ್ಮ ವಿದ್ಯಾರ್ಥಿಗಳು ಇನ್ನೂ ಸಿಕ್ಕಿಹಾಕಿಕೊಂಡಿದ್ದರು. ಅವರನ್ನು ಹೊರಗೆ ತರಲು ಎರಡೂ ಕಡೆಯವರ ಜೊತೆ ಮಾತಾಡಬೇಕಿತ್ತು. ಹಾಗೆಯೇ ಭಾರತ ತನ್ನ ಹೇಳಿಕೆಯಲ್ಲಿ ದೇಶಗಳ ಗಡಿ ಮತ್ತು ಸಾರ್ವಭೌಮತ್ವ ಗೌರವಿಸಬೇಕು ಅಂದಿತು, ರಷ್ಯಾದ ಹೆಸರು ಹಿಡಿದು ಖಂಡಿಸಲಿಲ್ಲ. ಮತ ಒಂದು, ಮತದ ಜೊತೆ ಕೊಟ್ಟ ವಿವರಣೆ ಇನ್ನೊಂದು. ಎರಡನ್ನೂ ಬರೆಯಿರಿ. ನಿಲುವು ಸರಿಯೇ ತಪ್ಪೇ ಅಂತ ಕ್ಲಾಸಿನಲ್ಲಿ ಜೋರಾಗಿ ವಾದ ಆಗಿದೆ, ಆಗಲಿ. ನನ್ನ ಅಭಿಪ್ರಾಯ ಕೇಳಿದರೆ, ಗಡಿಯನ್ನು ಬಲದಿಂದ ಬದಲಿಸುವುದನ್ನು ನಮ್ಮಂಥ ದೇಶ ಹೆಸರು ಹಿಡಿದೇ ವಿರೋಧಿಸಬೇಕಿತ್ತು. ನಮ್ಮ ಉತ್ತರದ ಗಡಿಯಲ್ಲೂ ದೊಡ್ಡ ನೆರೆಯೊಂದಿದೆ.

ಯಾವುದಾದರೂ ಒಂದು ಭಾಷಣ ಪೂರ್ತಿ ಓದುವುದಾದರೆ, ಕೀನ್ಯಾದ ರಾಯಭಾರಿ ಮಾರ್ಟಿನ್ ಕಿಮಾನಿ 2022ರ ಫೆಬ್ರವರಿ 21ರಂದು ಭದ್ರತಾ ಮಂಡಳಿಯಲ್ಲಿ ಮಾಡಿದ್ದನ್ನು ಓದಿ. ಆಫ್ರಿಕಾದ ಗಡಿಗಳನ್ನು ಎಳೆದವರು ಆಫ್ರಿಕಾದವರಲ್ಲ, ಆದರೂ ರಕ್ತ ಹರಿಸಿ ಅವನ್ನು ತಿದ್ದುವ ದಾರಿ ನಾವು ಹಿಡಿಯಲಿಲ್ಲ ಎಂಬುದು ಅವರ ವಾದದ ಸಾರ. ನನ್ನ ಮಕ್ಕಳಿಗೆ ಅತಿ ಬೇಗ ಅರ್ಥವಾದದ್ದು ಆ ಭಾಷಣವೇ.

ಮತವನ್ನು ಒಂದು ಸಲ ಬರೆದು ನಿಲ್ಲಿಸಬೇಡಿ. 2022ರ ಅಕ್ಟೋಬರ್‌ನಲ್ಲಿ ನಾಲ್ಕು ಪ್ರಾಂತ್ಯಗಳ ಸೇರ್ಪಡೆಯ ವಿರುದ್ಧ 143. 2023ರ ಫೆಬ್ರವರಿಯಲ್ಲಿ 141. 2025ರ ಫೆಬ್ರವರಿ 24ರಂದು ಉಕ್ರೇನ್ ಮತ್ತು ಯುರೋಪ್ ತಂದ ನಿರ್ಣಯಕ್ಕೆ 93 ಮಾತ್ರ, ವಿರುದ್ಧ ಮತ ಹಾಕಿದ 18 ದೇಶಗಳಲ್ಲಿ ಅಮೆರಿಕವೂ ಇತ್ತು. ಪ್ರತಿ ನಿರ್ಣಯದ ಒಕ್ಕಣೆ ಬೇರೆ, ಅದು ನೆನಪಿರಲಿ. ಆದರೂ ಈ ಸಾಲು ಓದಿದರೆ ಮೂರು ವರ್ಷದಲ್ಲಿ ಜಗತ್ತು ಎಷ್ಟು ಸುಸ್ತಾಯಿತು, ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾದರೆ ಏನಾಗುತ್ತದೆ, ಎರಡೂ ಕಾಣುತ್ತವೆ.

ಸುತ್ತಲಿನ ಮನೆಗಳನ್ನು ನೋಡಿ

ನಮ್ಮ ಕಡೆ ದೊಡ್ಡ ಜಮೀನಿನವನು ಪಕ್ಕದವನ ಬದು ಒತ್ತಿದರೆ ಜಗಳ ಅವರಿಬ್ಬರದ್ದೇ ಆಗಿ ಉಳಿಯುವುದಿಲ್ಲ. ಆ ವಾರವೇ ಸುತ್ತಲಿನ ನಾಲ್ಕು ಜನ ಸರ್ವೆಗೆ ಅರ್ಜಿ ಹಾಕುತ್ತಾರೆ. ಯುದ್ಧದಲ್ಲೂ ನೋಡಬೇಕಾದದ್ದು ಆ ನಾಲ್ಕು ಜನರನ್ನು.

ಫಿನ್‌ಲ್ಯಾಂಡಿಗೆ ರಷ್ಯಾದ ಜೊತೆ ಸುಮಾರು 1,340 ಕಿಲೋಮೀಟರ್ ಗಡಿ ಇದೆ. ದಶಕಗಳ ಕಾಲ ಅದು ಯಾವ ಸೈನಿಕ ಕೂಟವನ್ನೂ ಸೇರದೆ ನಡೆದುಕೊಂಡು ಬಂತು. ಯುದ್ಧಕ್ಕೆ ಮುಂಚೆ ನೇಟೋ ಸೇರಬೇಕು ಅನ್ನುತ್ತಿದ್ದವರು ನಾಲ್ಕರಲ್ಲಿ ಒಬ್ಬರು. 2022ರ ಮೇ ಹೊತ್ತಿಗೆ ಸಮೀಕ್ಷೆಯಲ್ಲಿ ನಾಲ್ಕರಲ್ಲಿ ಮೂವರು. ಮೇ 17ರಂದು ಅಲ್ಲಿನ ಸಂಸತ್ತು 188–8 ಮತದಿಂದ ಒಪ್ಪಿತು, ಮರುದಿನ ಸ್ವೀಡನ್ ಜೊತೆಗೂಡಿ ಅರ್ಜಿ ಕೊಟ್ಟಿತು. ಎರಡು ಶತಮಾನ ಯುದ್ಧದಿಂದ ದೂರ ಇದ್ದ ಸ್ವೀಡನ್ 2024ರ ಮಾರ್ಚ್ 7ರಂದು 32ನೇ ಸದಸ್ಯನಾಯಿತು. ನೇಟೋ ವಿಸ್ತರಣೆ ನಿಲ್ಲಲಿ ಅಂತ ಎಡಗಡೆ ಪುಟದಲ್ಲಿ ಬರೆದಿದ್ದೇವಲ್ಲ, ಅದರ ಎದುರಿಗೆ ಬಂದದ್ದು ಇದು: ರಷ್ಯಾಕ್ಕೆ ನೇಟೋ ಜೊತೆಗಿನ ನೆಲಗಡಿ ಸುಮಾರು ಎರಡು ಪಟ್ಟಾಯಿತು.

ಆ ಅರ್ಜಿ ಯಾಕೆ ಅಷ್ಟು ದಿನ ಹಿಡಿಯಿತು ಅಂತಲೂ ಬರೆಯಿರಿ. ನೇಟೋದಲ್ಲಿ ಹೊಸಬರನ್ನು ಸೇರಿಸಲು ಇರುವ ಎಲ್ಲ ಸದಸ್ಯರೂ ಒಪ್ಪಬೇಕು. ಟರ್ಕಿ ಮತ್ತು ಹಂಗೇರಿ ಸ್ವೀಡನ್ನಿನ ಕಡತವನ್ನು 2024ರ ಜನವರಿ, ಫೆಬ್ರವರಿವರೆಗೆ ತಡೆಹಿಡಿದವು. ಇಂಥ ಯುದ್ಧ ನಡೆದಾಗ ಕೂಟದೊಳಗಿನ ಸಣ್ಣ ದೇಶಕ್ಕೂ ದೊಡ್ಡ ಬೆಲೆ ಬರುತ್ತದೆ.

ಜರ್ಮನಿ, ಡೆನ್ಮಾರ್ಕ್ ಬೇಗ ಮುಗಿಸಬಹುದು. ಜರ್ಮನಿ ಸೈನ್ಯಕ್ಕೆ 10,000 ಕೋಟಿ ಯೂರೋ ವಿಶೇಷ ನಿಧಿ ತೆಗೆದಿಟ್ಟಿತು. ಡೆನ್ಮಾರ್ಕ್ 2022ರ ಜೂನ್ 1ರಂದು ಜನಮತ ನಡೆಸಿ ಯುರೋಪಿನ ರಕ್ಷಣಾ ವ್ಯವಸ್ಥೆಗೆ ಸೇರಿತು.

ಆದರೆ ರಷ್ಯಾದ ಹಳೆಯ ಗೆಳೆಯರ ಹತ್ತಿರ ನಿಧಾನ ಮಾಡಿ. ಅಲ್ಲಿ ಸಣ್ಣ ಸಣ್ಣ ಸುದ್ದಿಗಳಲ್ಲಿ ದೊಡ್ಡ ವಿಷಯ ಇರುತ್ತದೆ. 2022ರ ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವೇದಿಕೆಯಲ್ಲಿ, ಪುಟಿನ್ ಎದುರಿಗೇ, ಕಝಾಕ್‌ಸ್ತಾನದ ಅಧ್ಯಕ್ಷ ಟೊಕಾಯೆವ್ ಡೊನೆಟ್ಸ್ಕ್, ಲುಹಾನ್ಸ್ಕ್‌ಗಳನ್ನು ದೇಶಗಳೆಂದು ಒಪ್ಪುವುದಿಲ್ಲ ಅಂದರು. ಆರ್ಮೇನಿಯನ್ನರಿದ್ದ ನಾಗೋರ್ನೊ–ಕರಾಬಖ್ ಪ್ರದೇಶ ಪಕ್ಕದ ಅಜರ್ಬೈಜಾನ್ ಪಾಲಾಗಿ ಕೈತಪ್ಪಿದಾಗ ರಷ್ಯಾ ನೆರವಿಗೆ ಬರಲಿಲ್ಲ ಅನ್ನುವ ನೋವಿನಲ್ಲಿ ಆರ್ಮೇನಿಯಾ 2024ರಲ್ಲಿ ರಷ್ಯಾ ನೇತೃತ್ವದ ಸೈನಿಕ ಕೂಟದಲ್ಲಿ ಭಾಗವಹಿಸುವುದನ್ನು ನಿಲ್ಲಿಸಿತು. ಮಾಲ್ಡೋವಾ 2024ರ ಅಕ್ಟೋಬರ್ ಜನಮತದಲ್ಲಿ ಐರೋಪ್ಯ ಒಕ್ಕೂಟದ ಗುರಿಯನ್ನು ಸಂವಿಧಾನಕ್ಕೆ ಸೇರಿಸಿತು, ಅದೂ ಅರ್ಧಕ್ಕಿಂತ ಕೂದಲೆಳೆಯಷ್ಟು ಮೇಲೆ.

ಎಲ್ಲವೂ ಒಂದೇ ದಿಕ್ಕಿಗೆ ಹೋಗುವುದಿಲ್ಲ, ಅದನ್ನೂ ಪ್ರಾಮಾಣಿಕವಾಗಿ ಬರೆಯಬೇಕು. 2008ರಲ್ಲಿ ರಷ್ಯಾದ ದಾಳಿ ಅನುಭವಿಸಿದ ಜಾರ್ಜಿಯಾದಲ್ಲಿ ಸರ್ಕಾರ 2024ರ ನವೆಂಬರ್‌ನಲ್ಲಿ ಐರೋಪ್ಯ ಒಕ್ಕೂಟದ ಮಾತುಕತೆಯನ್ನು 2028ರವರೆಗೆ ಮುಂದೂಡಿತು. ಜನ ಬೀದಿಗಿಳಿದರು. ಭಯ ಒಬ್ಬರನ್ನು ಕೂಟದ ಕಡೆ ಓಡಿಸುತ್ತದೆ, ಇನ್ನೊಬ್ಬರನ್ನು ಸುಮ್ಮನಿರಿಸುತ್ತದೆ. ಉತ್ತರ ಕೊರಿಯಾ 2024ರ ಜೂನ್‌ನಲ್ಲಿ ರಷ್ಯಾದ ಜೊತೆ ಒಪ್ಪಂದ ಮಾಡಿಕೊಂಡು ಸೈನಿಕರನ್ನೇ ಕಳಿಸಿತು. ಯುರೋಪಿನ ಯುದ್ಧಕ್ಕೆ ಪೂರ್ವ ಏಷ್ಯಾದ ಸೈನಿಕರು ಬಂದದ್ದು ಕೆಂಪು ಪೆನ್ನಿಗೆ ಸೇರುವ ವಿಷಯ.

ನುಗ್ಗಿದವರ ಮನೆಯೊಳಗೆ

ಇಲ್ಲಿ ಕಾನೂನುಗಳನ್ನು ಹುಡುಕಿ. 2022ರ ಮಾರ್ಚ್ 4ರಂದು, ಯುದ್ಧ ಶುರುವಾಗಿ ಹತ್ತು ದಿನ ಕಳೆಯುವ ಮುಂಚೆ, ಸೈನ್ಯದ ಬಗ್ಗೆ "ಸುಳ್ಳು ಸುದ್ದಿ" ಹರಡಿದರೆ 15 ವರ್ಷದವರೆಗೆ ಜೈಲು ಎಂಬ ಕಾನೂನು ರಷ್ಯಾದಲ್ಲಿ ಬಂತು. ಹೊರಗಿನ ಯುದ್ಧ ಮೊದಲು ಬಾಯಿ ಮುಚ್ಚಿಸಿದ್ದು ಅಲ್ಲಿನ ಜನರದ್ದೇ. ಸೆಪ್ಟೆಂಬರ್ 21ರಂದು 3 ಲಕ್ಷ ಮಂದಿಯನ್ನು ಸೈನ್ಯಕ್ಕೆ ಕರೆಯುವ ಆದೇಶ ಬಂತು, ಲಕ್ಷಾಂತರ ಯುವಕರು ದೇಶ ಬಿಟ್ಟರು. 2023ರ ಜೂನ್‌ನಲ್ಲಿ ರಷ್ಯಾದ ಪರ ಹೋರಾಡುತ್ತಿದ್ದ ಖಾಸಗಿ ಸೈನ್ಯ ವ್ಯಾಗ್ನರ್ ಬಂಡೆದ್ದು ಮಾಸ್ಕೋ ಕಡೆ ಹೊರಟು ಅರ್ಧ ದಾರಿಯಲ್ಲಿ ನಿಂತಿತು. 2024ರ ಮಾರ್ಚ್ ಚುನಾವಣೆಯಲ್ಲಿ ಪುಟಿನ್‌ಗೆ ಶೇ. 87 ಮತ ಅಂತ ಘೋಷಣೆಯಾಯಿತು. ಗಟ್ಟಿಯಾಗಿ ವಿರೋಧಿಸುವ ಅಭ್ಯರ್ಥಿಗಳಿಗೆ ಸ್ಪರ್ಧಿಸಲು ಅವಕಾಶ ಇರಲಿಲ್ಲ.

ಸಂವಿಧಾನವನ್ನೂ ನೋಡಿ. ರಷ್ಯಾದ ನೆಲ ಯಾರಿಗೂ ಬಿಟ್ಟುಕೊಡಬಾರದು ಅಂತ 2020ರಲ್ಲೇ ತಿದ್ದುಪಡಿ ಆಗಿತ್ತು. 2022ರಲ್ಲಿ ನಾಲ್ಕು ಪ್ರಾಂತ್ಯಗಳನ್ನು ಆ ಪಟ್ಟಿಗೆ ಸೇರಿಸಿದರು. ಮುಂದೆ ಯಾರೇ ರಾಜಿಗೆ ಕೂತರೂ ತಮ್ಮದೇ ಸಂವಿಧಾನ ಅಡ್ಡ ಬರುತ್ತದೆ. ರಾಜಿ ಯಾಕೆ ಕಷ್ಟ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಪುಟವನ್ನು.

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2023ರ ಮಾರ್ಚ್ 17ರಂದು ಪುಟಿನ್ ವಿರುದ್ಧ ವಾರಂಟ್ ಹೊರಡಿಸಿತು, ಉಕ್ರೇನಿನ ಮಕ್ಕಳನ್ನು ಅಕ್ರಮವಾಗಿ ಸಾಗಿಸಿದ ಆರೋಪದ ಮೇಲೆ. ಆ ಆಗಸ್ಟ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಬ್ರಿಕ್ಸ್ ಸಭೆಗೆ ಅವರು ಖುದ್ದಾಗಿ ಹೋಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮಂಗೋಲಿಯಾಕ್ಕೆ ಹೋದರು. ದಕ್ಷಿಣ ಆಫ್ರಿಕಾದ ಹಾಗೆ ಅದೂ ನ್ಯಾಯಾಲಯದ ಸದಸ್ಯ ದೇಶ, ಆದರೂ ಬಂಧಿಸಲಿಲ್ಲ. ಎರಡನ್ನೂ ಬರೆಯಿರಿ. "ಯಾರು ಜಾರಿ ಮಾಡುತ್ತಾರೆ" ಕಲಂ ಇರುವುದೇ ಇದಕ್ಕೆ.

ದಾಳಿಗೆ ಒಳಗಾದವರ ಮನೆಯಲ್ಲೂ

ನನ್ನ ಮನಸ್ಸು ಉಕ್ರೇನಿನ ಜನರ ಕಡೆ ಇದೆ. ಆದರೂ ಈ ಪುಟ ಬಿಡುವಂತಿಲ್ಲ. ಅಲ್ಲಿ 2022ರ ಫೆಬ್ರವರಿ 24ರಿಂದ ಸೇನಾ ಕಾನೂನು ಜಾರಿಗೆ ಬಂತು. ಅದು ಇರುವಾಗ ಚುನಾವಣೆ ನಡೆಸುವಂತಿಲ್ಲ. ಹಾಗಾಗಿ 2024ರ ಮಾರ್ಚ್‌ನಲ್ಲಿ ನಡೆಯಬೇಕಿದ್ದ ಅಧ್ಯಕ್ಷರ ಚುನಾವಣೆ ನಡೆಯಲಿಲ್ಲ. ರಷ್ಯಾದ ಜೊತೆ ನಂಟಿದೆ ಅಂತ ಹಲವು ಪಕ್ಷಗಳನ್ನು ತಡೆಹಿಡಿದರು. 2024ರ ಏಪ್ರಿಲ್‌ನಲ್ಲಿ ಯುದ್ಧಕ್ಕೆ ಕರೆಯುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದರು.

2025ರ ಜುಲೈ ತಿಂಗಳಿಗೆ ಒಂದು ಪುಟ ಮೀಸಲಿಡಿ. ಜುಲೈ 22ರಂದು ಉಕ್ರೇನಿನ ಸಂಸತ್ತು ಭ್ರಷ್ಟಾಚಾರ ನಿಗ್ರಹ ಸಂಸ್ಥೆಗಳ ಸ್ವಾತಂತ್ರ್ಯ ಕಡಿಮೆ ಮಾಡುವ ಕಾನೂನು ಮಾಡಿತು. ಡ್ರೋನ್ ಬೀಳುವ ಊರಿನಲ್ಲಿ ಹುಡುಗ ಹುಡುಗಿಯರು ರಟ್ಟಿನ ಮೇಲೆ ಘೋಷಣೆ ಬರೆದುಕೊಂಡು ಬೀದಿಗೆ ಬಂದರು. ಜುಲೈ 31ರಂದು ಸಂಸತ್ತು ಅದನ್ನು ಮತ್ತೆ ಮೊದಲಿನಂತೆ ಸರಿಪಡಿಸಿತು. ಐರೋಪ್ಯ ಒಕ್ಕೂಟ ಸೇರುವ ಆಸೆಯೂ ಇದಕ್ಕೆ ಒತ್ತಡ ಹಾಕಿತು. 2022ರ ಫೆಬ್ರವರಿ 28ರಂದು ಕೊಟ್ಟ ಅರ್ಜಿಗೆ ಜೂನ್ 23ರಂದೇ ಅಭ್ಯರ್ಥಿ ದೇಶದ ಸ್ಥಾನ ಸಿಕ್ಕಿತ್ತು. ಯುದ್ಧದ ನಡುವೆಯೂ ಪ್ರಜಾಪ್ರಭುತ್ವವನ್ನು ಬಿಡದ ಆ ಮಕ್ಕಳನ್ನು ನೆನೆದರೆ ನನಗೆ ಹೆಮ್ಮೆ ಆಗುತ್ತದೆ.

ನಮ್ಮ ಮನೆಯವರೆಗೆ ಬಂದದ್ದು

ಯುದ್ಧಕ್ಕೆ ಮುಂಚೆ ಭಾರತ ಕೊಳ್ಳುವ ಕಚ್ಚಾತೈಲದಲ್ಲಿ ರಷ್ಯಾದ ಪಾಲು ಶೇ. 2ಕ್ಕಿಂತ ಕಡಿಮೆ. 2023ರ ಹೊತ್ತಿಗೆ ಮೂರನೇ ಒಂದು ಭಾಗ ದಾಟಿತು. ಯುರೋಪ್ ಬೇಡ ಅಂದ ಎಣ್ಣೆ ನಮಗೆ ಅಗ್ಗಕ್ಕೆ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ಅದನ್ನೇ ಕಾರಣ ಕೊಟ್ಟು ಅಮೆರಿಕ ನಮ್ಮ ಸರಕಿನ ಮೇಲೆ ಇನ್ನೂ ಶೇ. 25 ಸುಂಕ ಹೇರಿತು, ಒಟ್ಟು ಶೇ. 50. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವ ಗಾರ್ಮೆಂಟ್ಸ್ ಬಟ್ಟೆಗೂ ಅದು ತಟ್ಟಿತು. ಸೂರ್ಯಕಾಂತಿ ಎಣ್ಣೆಯನ್ನು ನಾವು ಮುಖ್ಯವಾಗಿ ತರಿಸುತ್ತಿದ್ದದ್ದು ಉಕ್ರೇನಿನಿಂದ. ಈಗ ಆ ಜಾಗಕ್ಕೆ ರಷ್ಯಾ ಬಂದಿದೆ. ಮನೆಯಲ್ಲಿ ಎಣ್ಣೆ ಕೊಂಡ ಹಳೆಯ ಬಿಲ್ ಸಿಕ್ಕರೆ ಪುಸ್ತಕಕ್ಕೆ ಅಂಟಿಸಿ, ತಾರೀಖು ಕಾಣುವ ಹಾಗೆ.

ಸಾವಿರಾರು ವಿದ್ಯಾರ್ಥಿಗಳು ವಾಪಸ್ ಬಂದ ಮೇಲೆ ಮೆಡಿಕಲ್ ಸೀಟು, ಫೀಸು, ಅರ್ಧಕ್ಕೆ ನಿಂತ ಓದು ಎಲ್ಲ ಇಲ್ಲಿನ ರಾಜಕೀಯದ ಮಾತಾದವು, ಸುಪ್ರೀಂ ಕೋರ್ಟಿನವರೆಗೂ ಹೋದವು. ಇದನ್ನೂ ಸೇರಿಸಿ.

ಒಂದು ಎಚ್ಚರಿಕೆ, ಮುಂದಿನ ಕೆಲಸ

ಯುದ್ಧದ ನಂತರ ಆದದ್ದೆಲ್ಲ ಯುದ್ಧದಿಂದಲೇ ಆದದ್ದಲ್ಲ. 2022ರ ಜುಲೈನಲ್ಲಿ ಶ್ರೀಲಂಕಾದ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡಿದರು. ಯುದ್ಧದಿಂದ ಏರಿದ ತೈಲದ ಬೆಲೆ ಅವರಿಗೆ ಹೊಡೆತ ಕೊಟ್ಟಿತು, ಹೌದು. ಆದರೆ 2019ರ ತೆರಿಗೆ ಕಡಿತ, ಕೋವಿಡ್‌ನಿಂದ ನಿಂತ ಪ್ರವಾಸೋದ್ಯಮ, 2021ರ ರಾಸಾಯನಿಕ ಗೊಬ್ಬರ ನಿಷೇಧ ಅದಕ್ಕಿಂತ ಮೊದಲೇ ದೇಶವನ್ನು ಅಲುಗಾಡಿಸಿದ್ದವು. ಪ್ರತಿ ಸಾಲಿಗೂ ಕೇಳಿ: ಯುದ್ಧ ಆಗದಿದ್ದರೂ ಇದು ಹೀಗೇ ಆಗುತ್ತಿತ್ತೇ? ಹೌದು ಅನಿಸಿದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸಾಲು ಅಳಿಸಬೇಡಿ.

ಕದನವಿರಾಮ ಘೋಷಣೆಯಾದ ದಿನ ಪುಸ್ತಕ ಮುಚ್ಚಬೇಡಿ. ಸೋವಿಯತ್ ಸೈನ್ಯ 1979ರ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನಕ್ಕೆ ನುಗ್ಗಿ 1989ರ ಫೆಬ್ರವರಿಯಲ್ಲಿ ಹೊರಬಂತು. ಪರಿಣಾಮ ಅಲ್ಲಿಂದ ಮುಂದೆಯೂ ದಶಕಗಟ್ಟಲೆ ನಡೆಯಿತು. ಹಾಗಾಗಿ ಕೊನೆಯ ನಲವತ್ತು ಪುಟ ಖಾಲಿ ಬಿಡಿ, ಮೇಲೆ ಈಗಲೇ ತಲೆಬರಹ ಹಾಕಿಡಿ: ಉಕ್ರೇನಿನ ಚುನಾವಣೆ. ಐರೋಪ್ಯ ಒಕ್ಕೂಟದ ಮಾತುಕತೆ. ಪಶ್ಚಿಮದ ದೇಶಗಳಲ್ಲಿ ತಡೆಹಿಡಿದಿರುವ ರಷ್ಯಾದ ಸುಮಾರು 30,000 ಕೋಟಿ ಡಾಲರ್ ಹಣ ಯಾರ ಪಾಲಾಗುತ್ತದೆ. ರಷ್ಯಾಕ್ಕೆ ಸಾಗಿಸಿದ ಮಕ್ಕಳು ಮನೆಗೆ ಮರಳಿದರೇ. ಉಕ್ರೇನಿಗೆ ಕೊಡುವ ಭದ್ರತೆಯ ಭರವಸೆಯಲ್ಲಿ ಯಾರ ಸಹಿ ಇದೆ, ಮಾತು ಮುರಿದರೆ ಯಾರು ಬರುತ್ತಾರೆ ಅಂತ ಬರೆದಿದೆಯೇ. ಈ ಕೊನೆಯದಕ್ಕೆ ಪಕ್ಕದಲ್ಲೇ ಬುಡಾಪೆಸ್ಟ್ ಪುಟದ ಸಂಖ್ಯೆ ಹಾಕಿಡಿ, ಹೊಸ ಒಪ್ಪಂದ ಬಂದಾಗ ಸಾಲಿಗೆ ಸಾಲು ಹೋಲಿಸಿ ಓದಲು ಬೇಕಾಗುತ್ತದೆ.